ಆ ಬೀಗ ಯಾವುದನ್ನು ಕಾಯುತ್ತಿತ್ತು?

ಒಂಟಿ ಹಳಿಯ ಮಾರ್ಗದಲ್ಲಿ ರೈಲು ಪ್ರಯಾಣ ಮಾಡಿದ ಹಿರಿಯರಿಗೆ ಈ ದೃಶ್ಯ ನೆನಪಿರಬಹುದು. ರೈಲು ನಿಲ್ದಾಣವನ್ನು ನಿಧಾನವಾಗಿ ಹಾದುಹೋಗುತ್ತಿದೆ. ಪ್ಲಾಟ್‌ಫಾರಂ ಮೇಲೆ ನಿಂತ ನೌಕರ ದೊಡ್ಡ ಬಳೆಯಂಥದೊಂದನ್ನು ಎತ್ತಿ ಹಿಡಿದಿದ್ದಾನೆ. ಎಂಜಿನ್ನಿನಿಂದ ಕೈಚಾಚಿದವನು ಅದನ್ನು ತೋಳಿಗೆ ಸಿಕ್ಕಿಸಿಕೊಂಡು, ಹಿಂದಿನ ನಿಲ್ದಾಣದಿಂದ ತಂದ ಬಳೆಯನ್ನು ಕೆಳಕ್ಕೆ ಎಸೆಯುತ್ತಾನೆ. ಬಳೆಗೆ ಕಟ್ಟಿದ ಚೀಲದೊಳಗೆ ಒಂದು ಲೋಹದ ಚೆಂಡು. ಅದೇ ಟೋಕನ್. ಅಕ್ಕಪಕ್ಕದ ಎರಡು ನಿಲ್ದಾಣಗಳಲ್ಲೂ ಒಂದೊಂದು ಟೋಕನ್ ಯಂತ್ರ, ಎರಡರ ನಡುವೆ ತಂತಿಯ ಸಂಪರ್ಕ. ಒಂದು ಚೆಂಡು ಹೊರಬಂದಿತೆಂದರೆ, ಅದು ಎರಡರಲ್ಲೊಂದು ಯಂತ್ರದೊಳಕ್ಕೆ ಮರಳುವ ತನಕ ಇನ್ನೊಂದು ಚೆಂಡು ಹೊರಬರುವುದಿಲ್ಲ. ಚೆಂಡು ಯಾರ ಕೈಯಲ್ಲಿದೆಯೋ ಹಳಿ ಅವರದು.

ಈಗ ಹೀಗೆಂದುಕೊಳ್ಳಿ. ಒಬ್ಬ ಉತ್ಸಾಹಿ ಅಧಿಕಾರಿ ಎರಡು ಸಾಲಿನ ಟಿಪ್ಪಣಿ ಬರೆಯುತ್ತಾನೆ: ‘ಈ ಎರಡು ನಿಲ್ದಾಣಗಳ ನಡುವೆ ಹಗಲು ಒಂದು, ರಾತ್ರಿ ಒಂದು, ಎರಡೇ ಗಾಡಿ. ಟೋಕನ್ ಪದ್ಧತಿ ತೆಗೆದರೆ ದಿನಕ್ಕೆ ಹತ್ತು ನಿಮಿಷ ಉಳಿಯುತ್ತದೆ.’ ಟಿಪ್ಪಣಿ ಮೇಲಧಿಕಾರಿಯ ಮೇಜಿಗೆ ಬರುತ್ತದೆ. ಅದರಲ್ಲಿ ಬರೆದದ್ದೆಲ್ಲ ನಿಜ, ಒಂದು ಅಕ್ಷರವೂ ತಪ್ಪಿಲ್ಲ. ಆದರೆ ವಾರಕ್ಕೊಮ್ಮೆ ಬರುವ ಗೂಡ್ಸ್ ಗಾಡಿಯ ಮಾತು ಅದರಲ್ಲಿಲ್ಲ. ಹಳಿ ತಪಾಸಣೆಗೆ ಹೊರಡುವ ಟ್ರಾಲಿಯ ಮಾತಿಲ್ಲ. ಎಲ್ಲೋ ಗಾಡಿ ತಡವಾದ ದಿನ ಏನಾಗುತ್ತದೆಂಬ ಮಾತೂ ಇಲ್ಲ. ರುಜು ಹಾಕುವ ಮೇಲಧಿಕಾರಿ ಓದಬೇಕಾದದ್ದು ಆ ಎರಡು ಸಾಲನ್ನಲ್ಲ, ಟಿಪ್ಪಣಿಯಲ್ಲಿ ಇಲ್ಲದ್ದನ್ನು.

ಇಂಥ ಟಿಪ್ಪಣಿಗಳು ದಿನವೂ ಬಂದು ಬೀಳುವ ಇನ್ನೊಂದು ಜಾಗವಿದೆ. ಅದು ಗಣಕಯಂತ್ರದ ತಿರುಳು, ಅಂದರೆ ಆಪರೇಟಿಂಗ್ ಸಿಸ್ಟಮ್‌ನ ಕರ್ನಲ್. ನೀವು ಕೀಲಿಮಣೆಯ ಗುಂಡಿ ಒತ್ತಿದಾಗ, ಕಡತ ಉಳಿಸಿದಾಗ, ಫೋನಿನಲ್ಲಿ ಚಿತ್ರ ತೆಗೆದಾಗ, ಆ ಕೆಲಸ ಕೊನೆಗೆ ಕರ್ನಲ್ ಮೂಲಕವೇ ಆಗಬೇಕು. ಕರ್ನಲ್‌ಗೆ ಒಂದೊಂದು ಉಪಕರಣದ ಭಾಷೆ ಕಲಿಸಿಕೊಡುವ ತುಣುಕಿಗೆ ಡ್ರೈವರ್ ಎಂದು ಹೆಸರು. ಬಸ್ಸಿನ ಡ್ರೈವರಿನಂತೆ ಇದೂ ಯಂತ್ರವನ್ನು ನಡೆಸುತ್ತದೆ. ಪ್ರಿಂಟರಿಗೊಂದು, ಮೌಸಿಗೊಂದು, ಡಿಸ್ಕಿಗೊಂದು. ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್‌ನ ಕರ್ನಲ್‌ನಲ್ಲಿ ಅರ್ಧಕ್ಕೂ ಹೆಚ್ಚು ಸಾಲುಗಳು ಡ್ರೈವರುಗಳವೇ. ಆಂಡ್ರಾಯ್ಡ್ ಫೋನುಗಳ ಒಳಗಿರುವುದೂ ಇದೇ ಕರ್ನಲ್.

ಡ್ರೈವರಿಗೆ ಬೀಗ ಏಕೆ ಬೇಕು? ಹಳೆಯ ಪ್ರಿಂಟರೊಂದನ್ನು ಉದಾಹರಣೆಗೆ ತೆಗೆದುಕೊಳ್ಳಿ. ಒಂದು ಹೊತ್ತಿಗೆ ಒಂದೇ ಪ್ರೋಗ್ರಾಮ್ ಅದನ್ನು ಬಳಸಬೇಕು. ಡ್ರೈವರ್ ಒಂದು ಗುರುತು ಇಟ್ಟುಕೊಂಡಿರುತ್ತದೆ: ಸೊನ್ನೆ ಇದ್ದರೆ ಪ್ರಿಂಟರ್ ಖಾಲಿ, ಒಂದು ಇದ್ದರೆ ಕೆಲಸದಲ್ಲಿದೆ. ಬಂದ ಪ್ರೋಗ್ರಾಮಿಗಾಗಿ ಡ್ರೈವರ್ ಮೊದಲು ಗುರುತನ್ನು ನೋಡುತ್ತದೆ, ಸೊನ್ನೆ ಇದ್ದರೆ ಒಂದು ಎಂದು ಬರೆದು ಒಳಗೆ ಬಿಡುತ್ತದೆ. ಸರಿಯಾಗಿಯೇ ಇದೆಯಲ್ಲ ಅನ್ನಿಸುತ್ತದೆ. ಆದರೆ ನೋಡುವುದು ಒಂದು ಕೆಲಸ, ಬರೆಯುವುದು ಇನ್ನೊಂದು. ಗಣಕದಲ್ಲಿ ಎರಡು ಪ್ರೊಸೆಸರ್ ಇದ್ದರೆ ಎರಡು ಪ್ರೋಗ್ರಾಮುಗಳು ನಿಜಕ್ಕೂ ಒಂದೇ ಗಳಿಗೆಯಲ್ಲಿ ಬರಬಹುದು. ಎರಡೂ ಸೊನ್ನೆಯನ್ನು ನೋಡುತ್ತವೆ, ಎರಡೂ ಒಂದು ಎಂದು ಬರೆಯುತ್ತವೆ, ಎರಡೂ ಒಳಗೆ ಹೋಗುತ್ತವೆ. ಒಬ್ಬ ವಿದ್ಯಾರ್ಥಿಯ ಅಂಕಪಟ್ಟಿಯ ನಡುವೆ ಇನ್ನೊಬ್ಬರ ಮನೆ ಬಾಡಿಗೆ ರಸೀತಿ ಅಚ್ಚಾಗುತ್ತದೆ. ಇದು ಪ್ರಿಂಟರಾದ್ದರಿಂದ ನಕ್ಕು ಕಾಗದ ಹರಿದು ಹಾಕಬಹುದು. ಡಿಸ್ಕಿನ ಡ್ರೈವರಿನಲ್ಲಿ ಹೀಗಾದರೆ ನಗುವುದಕ್ಕೆ ಏನೂ ಉಳಿದಿರುವುದಿಲ್ಲ.

ನೋಡುವುದಕ್ಕೂ ಬರೆಯುವುದಕ್ಕೂ ನಡುವೆ ಮತ್ತೊಬ್ಬರು ನುಸುಳದಂತೆ ತಡೆಯುವ ಉಪಾಯವೇ ಬೀಗ. ರೈಲಿನ ಟೋಕನ್ನಿನ ಹಾಗೆಯೇ, ಬೀಗ ಹಿಡಿದವರು ಮಾತ್ರ ಮುಂದಕ್ಕೆ, ಉಳಿದವರು ಕಾಯಬೇಕು.

ಲಿನಕ್ಸನ್ನು ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ 1991ರಲ್ಲಿ ಆರಂಭಿಸಿದಾಗ ಮನೆಮಂದಿಯ ಗಣಕಗಳಲ್ಲಿ ಇದ್ದುದು ಒಂದೇ ಪ್ರೊಸೆಸರ್. ಬೀಗದ ಚಿಂತೆ ಅಷ್ಟಾಗಿ ಇರಲಿಲ್ಲ. ನೂರಾರು ಜನ ತಮ್ಮ ತಮ್ಮ ಉಪಕರಣಕ್ಕೆ ಡ್ರೈವರ್ ಬರೆದು ಸೇರಿಸಿದರು. 1996ರ ಜೂನ್‌ನಲ್ಲಿ ಬಂದ 2.0 ಆವೃತ್ತಿ ಒಂದಕ್ಕಿಂತ ಹೆಚ್ಚು ಪ್ರೊಸೆಸರ್ ಇರುವ ಯಂತ್ರಗಳಲ್ಲೂ ಓಡತೊಡಗಿತು. ಹಾಗಾದರೆ ಅಷ್ಟು ದಿನ ಒಂದೇ ಪ್ರೊಸೆಸರ್ ಎಂದು ನಂಬಿ ಬರೆದ ಡ್ರೈವರುಗಳ ಗತಿ? ಅದಕ್ಕೆ ಹುಡುಕಿದ ದಾರಿ ಬಲು ಸರಳ. ಇಡೀ ಕರ್ನಲ್‌ಗೆ ಒಂದೇ ಒಂದು ಬೀಗ. ಎಷ್ಟೇ ಪ್ರೊಸೆಸರ್ ಇರಲಿ, ಕರ್ನಲ್‌ನ ಒಳಗೆ ಒಂದು ಹೊತ್ತಿಗೆ ಒಬ್ಬರೇ. ಅದಕ್ಕೆ ‘ಬಿಗ್ ಕರ್ನಲ್ ಲಾಕ್’, ದೊಡ್ಡ ಬೀಗ, ಎಂದೇ ಹೆಸರಾಯಿತು.

ಕೂಡುಕುಟುಂಬದ ಮನೆಯಲ್ಲಿ ಎಲ್ಲ ಬೀಗದ ಕೈಗಳೂ ಅಜ್ಜಿಯ ಸೊಂಟದಲ್ಲಿರುತ್ತಿದ್ದುದನ್ನು ನೆನೆಸಿಕೊಳ್ಳಿ. ಉಗ್ರಾಣಕ್ಕೆ ಹೋಗಬೇಕಾದರೂ, ಉಪ್ಪಿನಕಾಯಿ ಭರಣಿ ತೆಗೆಯಬೇಕಾದರೂ, ‘ಅತ್ತೇ, ಸ್ವಲ್ಪ ಬೀಗದ ಕೈ ಕೊಡ್ತೀರಾ’ ಎಂದು ಸೊಸೆ ಕೇಳಲೇಬೇಕು. ಒಬ್ಬ ಸೊಸೆ ಗೊಂಚಲು ಒಯ್ದಿದ್ದರೆ ಇನ್ನೊಬ್ಬಳು ಅಂಗಳದಲ್ಲಿ ನಿಂತಿರಬೇಕು, ಆಕೆಗೆ ಬೇಕಾದದ್ದು ಬೇರೆಯೇ ಕೋಣೆಯಾದರೂ ಸರಿಯೆ. ಏನೂ ಕಳುವಾಗುವುದಿಲ್ಲ ನಿಜ. ಕೆಲಸವೂ ಸಾಗುವುದಿಲ್ಲ.

ಆದ್ದರಿಂದ ಮುಂದಿನ ಹದಿನೈದು ವರ್ಷ ಕರ್ನಲ್ ಬರೆಯುವವರು ಈ ಗೊಂಚಲನ್ನು ಬಿಚ್ಚುತ್ತ ಹೋದರು. ಒಂದೊಂದು ಕೋಣೆಗೆ ಅದರದೇ ಸಣ್ಣ ಬೀಗ. ಕರ್ನಲ್‌ನ ನಡುಮನೆಯ ಕೆಲಸ ಬೇಗ ಮುಗಿಯಿತು, ಏಕೆಂದರೆ ಅಲ್ಲಿ ನುರಿತವರು ಓಡಾಡಿಕೊಂಡಿದ್ದರು. ತಡವಾದದ್ದು ಡ್ರೈವರುಗಳಲ್ಲಿ. ಬರೆದವರು ಯಾವಾಗಲೋ ಬಿಟ್ಟುಹೋಗಿದ್ದರು, ಕೆಲವು ಉಪಕರಣಗಳು ಅಂಗಡಿಯಲ್ಲೇ ಸಿಗುತ್ತಿರಲಿಲ್ಲ. ‘ಈ ಡ್ರೈವರಿನ ಮೇಲಿನ ದೊಡ್ಡ ಬೀಗ ತೆಗೆಯೋಣ’ ಎಂಬ ತಿದ್ದುಪಡಿ ಬಂದಾಗ ಅದನ್ನು ಪರಿಶೀಲಿಸುವವರ ಪಾಡು ನಮ್ಮ ರೈಲ್ವೆಯ ಮೇಲಧಿಕಾರಿಯದೇ.

ತಿದ್ದುಪಡಿ ಬರುವ ರೂಪವನ್ನು ನೋಡಿ. ತೆಗೆದ ಸಾಲಿನ ಮುಂದೆ ಕಳೆಯುವ ಚಿಹ್ನೆ, ಸೇರಿಸಿದ ಸಾಲಿನ ಮುಂದೆ ಕೂಡುವ ಚಿಹ್ನೆ, ಸುತ್ತ ಮೂರು ಮೂರು ಹಳೆಯ ಸಾಲುಗಳು. ಬೀಗ ಹಾಕುವ ಸಾಲೊಂದು ಹೋಗಿದೆ, ತೆಗೆಯುವ ಸಾಲೊಂದು ಹೋಗಿದೆ. ಅಷ್ಟೇ. ಪ್ರೋಗ್ರಾಮ್ ತಕರಾರಿಲ್ಲದೆ ತಯಾರಾಗುತ್ತದೆ. ಓಡಿಸಿ ನೋಡಿದರೆ ಓಡುತ್ತದೆ, ಮೊದಲಿಗಿಂತ ಚುರುಕಾಗಿಯೇ ಓಡುತ್ತದೆ. ಇನ್ನೇನು ಬೇಕು?

ಬೇಕಾದದ್ದು ಬಹಳವಿದೆ. ಹೊಸಬರು ಬೀಗ ಕಾಯುವುದು ನಡುವಿನ ಸಾಲುಗಳನ್ನು ಎಂದುಕೊಳ್ಳುತ್ತಾರೆ. ಹಾಗಲ್ಲ. ಬೀಗ ಕಾಯುವುದು ಮಾಹಿತಿಯನ್ನು. ಆ ಮಾಹಿತಿಯನ್ನು ಮುಟ್ಟುವ ಎಲ್ಲ ಕೈಗಳೂ ಅದೇ ಬೀಗವನ್ನು ಹಿಡಿದರೆ ಮಾತ್ರ ಅದು ಬೀಗ, ಇಲ್ಲವಾದರೆ ಗೋಡೆಯಿಲ್ಲದ ಬಾಗಿಲು. ಹೀಗಾಗಿ ಪರಿಶೀಲಿಸುವವರು ಕೇಳಬೇಕಾದ ಮೊದಲ ಪ್ರಶ್ನೆ, ಈ ಮಾಹಿತಿಯನ್ನು ಇನ್ನು ಯಾರು ಯಾರು ಮುಟ್ಟುತ್ತಾರೆ? ಉತ್ತರ ತಿದ್ದುಪಡಿಯಲ್ಲಿ ಇರುವುದಿಲ್ಲ. ಡ್ರೈವರನ್ನು ಮೊದಲಿನಿಂದ ಕೊನೆಯ ತನಕ ಓದಬೇಕು, ಅದನ್ನು ಕರೆಯುವ ಕರ್ನಲ್‌ನ ಭಾಗವನ್ನೂ ಓದಬೇಕು. ಪ್ರೋಗ್ರಾಮ್ ಕರೆದಾಗ ಬರುವ ದಾರಿ ಒಂದು. ಉಪಕರಣವೇ ‘ನನ್ನ ಕೆಲಸ ಮುಗಿಯಿತು’ ಎಂದು ಪ್ರೊಸೆಸರಿನ ತೋಳು ತಟ್ಟುವ ದಾರಿ ಇನ್ನೊಂದು, ಇದಕ್ಕೆ ಇಂಟರಪ್ಟ್ ಎನ್ನುತ್ತಾರೆ. ಗಡಿಯಾರದ ಲೆಕ್ಕಕ್ಕೆ ತಾನಾಗಿ ಎಚ್ಚರಗೊಳ್ಳುವ ಕೆಲಸಗಳದು ಮತ್ತೊಂದು ದಾರಿ. ಇವೆಲ್ಲಕ್ಕಿಂತ ತರಲೆಯ ದಾರಿ, ನಡುವೆಯೇ ಯಾರೋ ಪೆನ್‌ಡ್ರೈವ್ ಕಿತ್ತುಕೊಂಡು ಹೋಗುವುದು. ಡ್ರೈವರ್ ತನ್ನ ಸಾಮಾನು ಕಟ್ಟಿ ಜಾಗ ಖಾಲಿ ಮಾಡುತ್ತಿರುವ ಹೊತ್ತಿಗೇ ಇನ್ನೊಂದು ಪ್ರೊಸೆಸರಿನಲ್ಲಿ ಅದೇ ಸಾಮಾನಿಗೆ ಯಾರೋ ಕೈಹಾಕಿರುತ್ತಾರೆ.

ಇಂಟರಪ್ಟ್ ವಿಷಯದಲ್ಲಿ ಬುದ್ಧಿವಂತರೂ ಎಡವುತ್ತಾರೆ. ಸ್ಪಿನ್‌ಲಾಕ್ ಎಂಬ ಒಂದು ಬಗೆಯ ಬೀಗವಿದೆ. ಬೀಗ ಸಿಗದಿದ್ದರೆ ಪ್ರೊಸೆಸರ್ ಪಕ್ಕಕ್ಕೆ ಕೂರುವುದಿಲ್ಲ, ಬಾಗಿಲಲ್ಲೇ ನಿಂತು ‘ಆಯಿತಾ, ಆಯಿತಾ’ ಎಂದು ಕೇಳುತ್ತಲೇ ಇರುತ್ತದೆ. ಚಿಕ್ಕ ಕೆಲಸಗಳಿಗೆ ಅದೇ ಲಾಭ. ಈಗ ಒಂದು ಪ್ರೊಸೆಸರ್ ಈ ಬೀಗ ಹಿಡಿದು ಡ್ರೈವರಿನ ಕೆಲಸ ಮಾಡುತ್ತಿದೆ ಎನ್ನಿ. ಅಷ್ಟರಲ್ಲಿ ಅದೇ ಪ್ರೊಸೆಸರಿಗೆ ಉಪಕರಣದಿಂದ ಇಂಟರಪ್ಟ್ ಬಂತು. ಕೈಲಿದ್ದುದನ್ನು ಅಲ್ಲಿಗೇ ಬಿಟ್ಟು ಅದು ಇಂಟರಪ್ಟಿಗೆ ಓಗೊಡುತ್ತದೆ. ಆ ಕೆಲಸಕ್ಕೂ ಅದೇ ಬೀಗ ಬೇಕು. ಬೀಗ ಇರುವುದು ತನ್ನದೇ ಕೈಯಲ್ಲಿ, ಬಿಡಬೇಕಾದವನೂ ತಾನೇ, ಆದರೆ ಬಿಡುವ ಸಾಲಿಗೆ ಹಿಂತಿರುಗುವುದು ಈ ಬೀಗ ಸಿಕ್ಕ ಮೇಲೆ! ತನಗಾಗಿ ತಾನೇ ಕಾಯುತ್ತ ಪ್ರೊಸೆಸರ್ ಅಲ್ಲೇ ನಿಲ್ಲುತ್ತದೆ. ಆದ್ದರಿಂದ ಇಂಥ ಕಡೆ ಬೀಗ ಹಿಡಿಯುವ ಮುನ್ನ ಆ ಪ್ರೊಸೆಸರಿನಲ್ಲಿ ಇಂಟರಪ್ಟನ್ನೂ ತಡೆದಿಡಬೇಕು. ಅದಕ್ಕೆ ಬೇರೆಯದೇ ಆಜ್ಞೆಯಿದೆ, ಹೆಸರಿನಲ್ಲಿ ಮಾತ್ರ ಬಾಲದಷ್ಟು ವ್ಯತ್ಯಾಸ. ಪರಿಶೀಲಕರ ಕಣ್ಣು ಆ ಬಾಲವನ್ನು ಹುಡುಕಬೇಕು.

ಎರಡು ಬೀಗಗಳಿದ್ದರೆ ಹಿಡಿಯುವ ಕ್ರಮವೂ ಮುಖ್ಯ. ಒಬ್ಬನು ಮೊದಲು ಅಡುಗೆಮನೆಯ ಬೀಗ, ಆಮೇಲೆ ಉಗ್ರಾಣದ್ದು ಹಿಡಿದ. ಇನ್ನೊಬ್ಬನು ಮೊದಲು ಉಗ್ರಾಣ, ಆಮೇಲೆ ಅಡುಗೆಮನೆ. ಇಬ್ಬರ ಕೈಯಲ್ಲೂ ಒಂದೊಂದು, ಇಬ್ಬರಿಗೂ ಇನ್ನೊಬ್ಬರದು ಬೇಕು. ಮನೆಯಲ್ಲಾದರೆ ಕೂಗಾಡಿ ಬಗೆಹರಿಸಿಕೊಳ್ಳಬಹುದು. ಗಣಕಕ್ಕೆ ಕೂಗಾಡಲು ಬರುವುದಿಲ್ಲ. ಇನ್ನು, ತಪ್ಪು ಕಂಡಾಗ ನಡುವೆಯೇ ಹಿಂತಿರುಗುವ ದಾರಿಯಲ್ಲಿ ಬೀಗ ಬಿಡಲು ಮರೆಯುವುದು ಎಲ್ಲರೂ ಮಾಡುವ ತಪ್ಪು. ಅದು ಓದಿದರೆ ಸಿಗುತ್ತದೆ, ಅದರ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ.

ಹೇಳಬೇಕಾದದ್ದು ದೊಡ್ಡ ಬೀಗದ ವಿಚಿತ್ರ ಗುಣಗಳ ಬಗ್ಗೆ. ಅದನ್ನು ಹಿಡಿದವನೇ ಮತ್ತೊಮ್ಮೆ ಹಿಡಿಯಬಹುದಾಗಿತ್ತು, ಯಾರೂ ಕೇಳುತ್ತಿರಲಿಲ್ಲ. ಎರಡನೆಯದು ಇನ್ನೂ ಸೋಜಿಗ. ಬೀಗ ಹಿಡಿದವನು ಯಾವುದಕ್ಕಾದರೂ ಕಾಯುತ್ತ ನಿದ್ದೆಹೋದರೆ, ಬೀಗ ತಾನಾಗಿ ಬಿಟ್ಟುಕೊಳ್ಳುತ್ತಿತ್ತು; ಎಚ್ಚರವಾದಾಗ ತಾನಾಗಿ ಮತ್ತೆ ಕೈಗೆ ಬರುತ್ತಿತ್ತು. ಅಜ್ಜಿಯ ಗೊಂಚಲು ಒಯ್ದ ಸೊಸೆ ಉಗ್ರಾಣದಲ್ಲೇ ತೂಕಡಿಸಿದರೆ ಗೊಂಚಲು ನಡೆದುಕೊಂಡು ಅಜ್ಜಿಯ ಸೊಂಟಕ್ಕೆ ಬಂದಂತೆ! ಕಾಪಾಡಿದ್ದೇವೆಂದು ಬರೆದವರು ನಂಬಿದ ಜಾಗದಲ್ಲೂ ಹೀಗೆ ಕಿಂಡಿಗಳಿದ್ದವು.

ಈ ಕಿಂಡಿಗಳು ಕೆಟ್ಟವಲ್ಲವೆ, ಮುಚ್ಚಿದರಾಯಿತು ಎಂದು ದೊಡ್ಡ ಬೀಗದ ಜಾಗಕ್ಕೆ ಮ್ಯೂಟೆಕ್ಸ್ ಎಂಬ ಸಾಮಾನ್ಯ ಬೀಗ ಹಾಕಿದರೆ? ಒಂದು ಪ್ರೋಗ್ರಾಮ್ ಉಪಕರಣದಿಂದ ಸುದ್ದಿ ಬರಲೆಂದು ಡ್ರೈವರಿನೊಳಗೆ ಕಾಯುತ್ತಿದೆ. ಸುದ್ದಿ ಕಳಿಸು ಎಂದು ಉಪಕರಣಕ್ಕೆ ಅಪ್ಪಣೆ ಕೊಡಬೇಕಾದದ್ದು ಇನ್ನೊಂದು ಪ್ರೋಗ್ರಾಮ್. ದೊಡ್ಡ ಬೀಗವಿದ್ದಾಗ ಮೊದಲನೆಯದು ನಿದ್ದೆಹೋದೊಡನೆ ಬೀಗ ಬಿಟ್ಟುಕೊಂಡು ಎರಡನೆಯದಕ್ಕೆ ದಾರಿಯಾಗುತ್ತಿತ್ತು. ಮ್ಯೂಟೆಕ್ಸ್ ಹಾಗೆ ಬಿಡುವುದಿಲ್ಲ. ಮೊದಲನೆಯದು ಬೀಗ ಹಿಡಿದೇ ಮಲಗಿದೆ, ಎರಡನೆಯದು ಬಾಗಿಲಲ್ಲಿ ನಿಂತಿದೆ, ಅಪ್ಪಣೆ ಹೋಗುವುದಿಲ್ಲ, ಸುದ್ದಿ ಬರುವುದಿಲ್ಲ. ಹಳೆಯ ಬೀಗದ ದೋಷವನ್ನೇ ನಂಬಿಕೊಂಡು ಡ್ರೈವರ್ ಬದುಕಿತ್ತು. ಒಂದು ಸಾಲಿಗೆ ಒಂದು ಸಾಲು ಬದಲಾಯಿಸಿದ ತಿದ್ದುಪಡಿಯಲ್ಲಿ ಇದು ಎಲ್ಲಿಯೂ ಕಾಣುವುದಿಲ್ಲ.

ಈ ಕಾರಣಕ್ಕೆ ಅನುಭವಿಗಳು ಕೆಲಸವನ್ನು ಎರಡು ಹೆಜ್ಜೆಯಲ್ಲಿ ಮಾಡಿದರು. ಮೊದಲು ಹೊರಬಾಗಿಲಿನ ದೊಡ್ಡ ಬೀಗವನ್ನು ಒಂದೊಂದು ಡ್ರೈವರಿನ ಒಳಕ್ಕೆ ತಳ್ಳುವುದು. ಬೀಗ ಅದೇ, ಜಾಗ ಮಾತ್ರ ಬದಲು, ನಡವಳಿಕೆಯಲ್ಲಿ ವ್ಯತ್ಯಾಸವಿಲ್ಲ. ಆಮೇಲೆ ಒಂದೊಂದೇ ಡ್ರೈವರನ್ನು ಓದಿ, ಬೇಡವೆಂದು ಖಾತ್ರಿಯಾದ ಕಡೆ ತೆಗೆಯುವುದು. ಜರುಗಿಸುವುದನ್ನೂ ತೆಗೆಯುವುದನ್ನೂ ಒಂದೇ ತಿದ್ದುಪಡಿಯಲ್ಲಿ ಬೆರೆಸಿದರೆ ಪರಿಶೀಲಿಸುವವರಿಗೆ ಯಾವುದು ಯಾವುದೆಂದು ತಿಳಿಯುವುದಿಲ್ಲ.

2008ರಲ್ಲಿ ಈ ಕೆಲಸಕ್ಕೆ ವೇಗ ಬಂತು. ಆ ವರ್ಷ ದೊಡ್ಡ ಬೀಗದ ಒಳಗಿನ ರಚನೆಯಲ್ಲಾದ ಒಂದು ಬದಲಾವಣೆಯಿಂದ ಅಳತೆಯ ಪರೀಕ್ಷೆಯೊಂದರಲ್ಲಿ ಶೇಕಡ 40ರಷ್ಟು ವೇಗ ಕುಸಿದಿತ್ತು, ಎಲ್ಲರ ಗಮನ ಮತ್ತೆ ಅದರತ್ತ ಹೊರಳಿತ್ತು. ಲಿನಕ್ಸ್ ಡ್ರೈವರುಗಳ ಬಗ್ಗೆ ಪುಸ್ತಕ ಬರೆದವರಲ್ಲೊಬ್ಬರಾದ ಜೊನಾಥನ್ ಕಾರ್ಬೆಟ್, ಉಪಕರಣವನ್ನು ತೆರೆಯುವ ಬಾಗಿಲಿನ ಮೇಲಿದ್ದ ದೊಡ್ಡ ಬೀಗವನ್ನು ಡ್ರೈವರುಗಳ ಒಳಕ್ಕೆ ತಳ್ಳುವ ಕೆಲಸ ಹಿಡಿದರು. ಕೆಲವು ಡ್ರೈವರುಗಳಲ್ಲಿ ತೆರೆಯುವ ಭಾಗ ಏನನ್ನೂ ಮಾಡುತ್ತಿರಲಿಲ್ಲ. ‘ಸರಿ, ಬಾ’ ಎಂದು ಹೇಳಿ ಮುಗಿಸುತ್ತಿತ್ತು. ಏನನ್ನೂ ಮುಟ್ಟದ ಕಡೆ ಬೀಗ ಏಕೆ? ತೆಗೆದುಬಿಡಬಹುದಲ್ಲ?

ತೆಗೆಯುವ ಹಾಗಿರಲಿಲ್ಲ. ಗಣಕ ಚಾಲೂ ಆಗುವಾಗ ಡ್ರೈವರುಗಳು ತಮ್ಮ ಸಿದ್ಧತೆ ಮಾಡಿಕೊಳ್ಳುತ್ತಿದ್ದುದು ದೊಡ್ಡ ಬೀಗದ ನೆರಳಿನಲ್ಲಿ. ಕೆಲವು ಡ್ರೈವರುಗಳು ಮೊದಲು ‘ನಾನಿದ್ದೇನೆ’ ಎಂದು ಹೆಸರು ನೋಂದಾಯಿಸಿ, ಆಮೇಲೆ ತಮ್ಮ ಕೋಷ್ಟಕ, ಜಾಗ ಎಲ್ಲವನ್ನೂ ಹೊಂದಿಸುತ್ತಿದ್ದವು. ಬೋರ್ಡು ತಗಲಿಸಿ ಆಮೇಲೆ ಅಂಗಡಿಗೆ ಸಾಮಾನು ತುಂಬಿದಂತೆ. ಆ ನಡುವಿನ ಗಳಿಗೆಯಲ್ಲಿ ಯಾರಾದರೂ ಬಾಗಿಲು ತೆರೆಯಲು ಬಂದರೆ, ತೆರೆಯುವ ದಾರಿಯಲ್ಲೂ ಅದೇ ದೊಡ್ಡ ಬೀಗ ಇದ್ದುದರಿಂದ ಸಿದ್ಧತೆ ಮುಗಿಯುವವರೆಗೆ ಕಾಯುತ್ತಿದ್ದರು. ಹೀಗೊಂದು ಏರ್ಪಾಡಿದೆ ಎಂದು ಯಾರೂ ಎಲ್ಲಿಯೂ ಬರೆದಿಟ್ಟಿರಲಿಲ್ಲ. ಬೀಗ ಕಾಯುತ್ತಿದ್ದುದು ಒಳಗಿನ ಸಾಲುಗಳನ್ನಲ್ಲ, ಹೊರಗೆ ಬೇರೆಲ್ಲೋ ಮುಗಿಯದೆ ಉಳಿದ ಕೆಲಸವನ್ನು.

ಅದಕ್ಕಾಗಿ ಕರ್ನಲ್‌ಗೆ ಒಂದು ಹೊಸ ಆಜ್ಞೆಯೇ ಬಂತು. ಅದರ ಹೆಸರು ‘ಸೈಕಲ್ ಕರ್ನಲ್ ಲಾಕ್’. ಅದು ಮಾಡುತ್ತಿದ್ದುದು ಇಷ್ಟು: ದೊಡ್ಡ ಬೀಗ ಹಿಡಿಯುವುದು, ಕೂಡಲೇ ಬಿಡುವುದು. ನಡುವೆ ಏನೂ ಇಲ್ಲ! ಮೊದಲ ನೋಟಕ್ಕೆ ಹುಚ್ಚು ಎನ್ನಿಸುವ ಸಾಲು. ಆದರೆ ಬೀಗ ಸಿಕ್ಕಿತು ಎಂದರೆ, ಅಲ್ಲಿಯ ತನಕ ಹಿಡಿದಿದ್ದವರು ಮುಗಿಸಿದ್ದಾರೆ ಎಂದರ್ಥ. ಬಾಗಿಲು ತಟ್ಟಿ, ಒಳಗಿನವರು ಹೊರಬಂದರೆಂದು ತಿಳಿದ ಮೇಲೆ ತನ್ನ ದಾರಿ ಹಿಡಿದಂತೆ. ಇದನ್ನು ಅರಿಯದ ಪರಿಶೀಲಕನ ಮುಂದೆ ‘ಉಪಯೋಗವಿಲ್ಲದ ಸಾಲು ತೆಗೆದಿದ್ದೇನೆ’ ಎಂಬ ತಿದ್ದುಪಡಿ ಬಂದಿದ್ದರೆ, ಮೆಚ್ಚಿ ಒಪ್ಪಿಗೆ ಕೊಟ್ಟುಬಿಡುವ ಸಾಧ್ಯತೆಯೇ ಹೆಚ್ಚು.

‘ಹಾಗೆ ತಪ್ಪಾದರೆ ಪರೀಕ್ಷೆಯಲ್ಲಿ ಸಿಕ್ಕಿಬೀಳುವುದಿಲ್ಲವೆ?’ ಎಂದು ನೀವು ಕೇಳಬಹುದು. ಬೀಗದ ತಪ್ಪುಗಳ ಕೇಡು ಇರುವುದೇ ಇಲ್ಲಿ. ಸೆಕೆಂಡಿಗೆ 300 ಕೋಟಿ ಮಿಡಿತಗಳ ಪ್ರೊಸೆಸರಿನಲ್ಲಿ ನೋಡುವುದಕ್ಕೂ ಬರೆಯುವುದಕ್ಕೂ ನಡುವೆ ಕೆಲವೇ ಮಿಡಿತ. ಎರಡನೆಯವನು ಸರಿಯಾಗಿ ಆ ಸಂದಿಗೇ ಬರಬೇಕು. ಪ್ರಯೋಗಾಲಯದಲ್ಲಿ ತಿಂಗಳುಗಟ್ಟಲೆ ಬಾರದಿರಬಹುದು, ಲಕ್ಷಾಂತರ ಯಂತ್ರಗಳಲ್ಲಿ ಓಡುವಾಗ ದಿನವೂ ಎಲ್ಲೋ ಒಂದು ಕಡೆ ಬರಬಹುದು. ಬಂದಾಗಲೂ ಗುರುತು ಬಿಟ್ಟುಹೋಗುವುದಿಲ್ಲ. ಮತ್ತೊಮ್ಮೆ ಮಾಡಿ ತೋರಿಸು ಎಂದರೆ ಮಾಡುವುದಿಲ್ಲ.

ಇಂಥದೊಂದು ತಪ್ಪಿಗೆ ಜೀವಗಳೇ ತೆತ್ತ ಕತೆ ಕರ್ನಲ್‌ನ ಹೊರಗೆ, ಆಸ್ಪತ್ರೆಗಳಲ್ಲಿ ನಡೆದಿದೆ. ಕೆನಡಾದ ಅಟಾಮಿಕ್ ಎನರ್ಜಿ ಆಫ್ ಕೆನಡಾ ಲಿಮಿಟೆಡ್ ಸಂಸ್ಥೆ ತಯಾರಿಸಿದ ಥೆರಾಕ್-25 ಎಂಬ ಕ್ಯಾನ್ಸರ್ ಚಿಕಿತ್ಸೆಯ ವಿಕಿರಣ ಯಂತ್ರವನ್ನು ನಡೆಸುತ್ತಿದ್ದುದು ತಂತ್ರಾಂಶ. 1985ರ ಜೂನ್ ಮತ್ತು 1987ರ ಜನವರಿ ನಡುವೆ ಅಮೆರಿಕ ಮತ್ತು ಕೆನಡಾಗಳಲ್ಲಿ ಆರು ಮಂದಿ ರೋಗಿಗಳಿಗೆ ಮಿತಿಮೀರಿದ ವಿಕಿರಣ ತಾಗಿತು. ಟೆಕ್ಸಾಸ್‌ನ ಟೈಲರ್ ಎಂಬ ಊರಿನಲ್ಲಿ 1986ರ ಮಾರ್ಚ್ ಮತ್ತು ಏಪ್ರಿಲ್‌ನಲ್ಲಿ ಹೀಗೆ ತಾಗಿದ ಇಬ್ಬರೂ ತೀರಿಕೊಂಡರು.

ಅಲ್ಲಿ ಆದದ್ದು ಹೀಗೆ. ಯಂತ್ರಕ್ಕೆ ಎರಡು ಬಗೆಯ ಕೆಲಸ. ಎಲೆಕ್ಟ್ರಾನ್ ಕಿರಣ ಹಾಯಿಸುವುದು ಒಂದು, ಹೆಚ್ಚು ಬಲದಲ್ಲಿ ಎಕ್ಸ್-ಕಿರಣ ಹಾಯಿಸುವುದು ಇನ್ನೊಂದು. ಕೀಲಿಮಣೆಯ ಮುಂದಿದ್ದ ಉದ್ಯೋಗಿ ಒಂದಕ್ಕೆ ಇನ್ನೊಂದು ಒತ್ತಿ, ತಪ್ಪು ಕಂಡು, ಚಕಚಕನೆ ತಿದ್ದಿ ಮುಂದೆ ಹೋದರು. ಯಂತ್ರದ ಆಯಸ್ಕಾಂತಗಳು ಹೊಂದಿಕೊಳ್ಳಲು 8 ಸೆಕೆಂಡು ಬೇಕು. ಆ 8 ಸೆಕೆಂಡಿನೊಳಗೆ ಮಾಡಿದ ತಿದ್ದುಪಡಿ ತಂತ್ರಾಂಶದ ಒಂದು ಭಾಗಕ್ಕೆ ಗೊತ್ತಾಯಿತು, ಇನ್ನೊಂದು ಭಾಗಕ್ಕೆ ಗೊತ್ತಾಗಲಿಲ್ಲ. ಎರಡೂ ಭಾಗಗಳು ಹಂಚಿಕೊಂಡಿದ್ದ ಮಾಹಿತಿಗೆ ತಕ್ಕ ಕಾವಲಿರಲಿಲ್ಲ. ಪರದೆ ಒಂದು ಹೇಳಿತು, ಯಂತ್ರ ಇನ್ನೊಂದು ಮಾಡಿತು. ಕೊಡಬೇಕಾದ್ದರ ನೂರು ಪಟ್ಟಿನ ಆಸುಪಾಸಿನ ವಿಕಿರಣ ಒಬ್ಬ ರೋಗಿಯ ಬೆನ್ನಿಗೆ ಬಿತ್ತು. ನಿಧಾನವಾಗಿ ಒತ್ತುವವರ ಕೈಯಲ್ಲಿ ಈ ತಪ್ಪು ಕಾಣಿಸಿಕೊಳ್ಳುತ್ತಲೇ ಇರಲಿಲ್ಲ. ಕೈ ಪಳಗಿದ ಉದ್ಯೋಗಿಗೆ ಮಾತ್ರ ಕಾಣಿಸಿತು.

ಇದಕ್ಕಿಂತ ಯೋಚಿಸಬೇಕಾದ ಸಂಗತಿ ಆಮೇಲೆ ಹೊರಬಿತ್ತು. ಇದೇ ಬಗೆಯ ತಪ್ಪು ಹಿಂದಿನ ಮಾದರಿಯಾದ ಥೆರಾಕ್-20ರ ತಂತ್ರಾಂಶದಲ್ಲೂ ಇತ್ತು. ಶಿಕಾಗೊ ವಿಶ್ವವಿದ್ಯಾನಿಲಯದಲ್ಲಿ ಆ ಯಂತ್ರದ ಮುಂದೆ ಹೊಸ ವಿದ್ಯಾರ್ಥಿಗಳ ತಂಡ ಕೂತಾಗಲೆಲ್ಲ ಫ್ಯೂಸ್ ಹೋಗುತ್ತಿತ್ತು. ಕಲಿಯುವವರಲ್ಲವೆ, ಏನೇನೋ ಒತ್ತಿ ತಿದ್ದುತ್ತಿದ್ದರು. ಆದರೆ ಯಾರಿಗೂ ಅಪಾಯವಾಗಲಿಲ್ಲ. ಏಕೆಂದರೆ ಹಳೆಯ ಯಂತ್ರದಲ್ಲಿ ತಂತ್ರಾಂಶದ ಜೊತೆಗೆ ತಂತಿ, ಸ್ವಿಚ್ಚುಗಳ ಪ್ರತ್ಯೇಕ ತಡೆಗಳಿದ್ದವು. ಹೊಂದಿಕೆ ತಪ್ಪಿದರೆ ಕಿರಣ ಹೊರಡದಂತೆ ಅವು ಹಿಡಿಯುತ್ತಿದ್ದವು. ಹೊಸ ಮಾದರಿಯಲ್ಲಿ, ಎಲ್ಲವನ್ನೂ ತಂತ್ರಾಂಶ ನೋಡಿಕೊಳ್ಳುತ್ತದೆ ಎಂದು ಆ ತಡೆಗಳನ್ನು ಕೈಬಿಟ್ಟರು. ಅವು ಅಷ್ಟು ದಿನ ಯಾವುದನ್ನು ಕಾಯುತ್ತಿದ್ದವು ಎಂಬುದು ಕೈಬಿಟ್ಟವರಿಗೆ ತಿಳಿದಿರಲಿಲ್ಲ. ಪರಿಶೀಲನೆ ಎಂದರೆ ಕಾಗದದ ಕೆಲಸ ಎಂದು ಮೂಗು ಮುರಿಯುವವರು ನ್ಯಾನ್ಸಿ ಲೆವೆಸನ್ ಮತ್ತು ಕ್ಲಾರ್ಕ್ ಟರ್ನರ್ 1993ರಲ್ಲಿ ಈ ಬಗ್ಗೆ ಪ್ರಕಟಿಸಿದ ತನಿಖಾ ಲೇಖನವನ್ನು ಓದಬೇಕು. ಎಂಜಿನಿಯರಿಂಗ್ ಓದುವ ಮಕ್ಕಳಿಗಂತೂ ಅದು ಪಠ್ಯವಾಗಿರಬೇಕಿತ್ತು. ಪ್ರೋಗ್ರಾಮ್ ಬರೆಯಿರಿ ಎಂದು ಪ್ರಶ್ನೆಪತ್ರಿಕೆಯಲ್ಲಿ ಕೇಳುವುದುಂಟು, ಬೇರೆಯವರು ಬರೆದದ್ದರಲ್ಲಿ ಏನು ಬಿಟ್ಟುಹೋಗಿದೆ ಹೇಳಿ ಎಂದು ಕೇಳುವುದು ಅಪರೂಪ.

ಪರಿಶೀಲಿಸುವವರಿಗೆ ಈಗ ಯಂತ್ರದ ನೆರವೂ ಇದೆ. ಇಂಗೊ ಮೊಲ್ನಾರ್ 2006ರಲ್ಲಿ ಕರ್ನಲ್‌ಗೆ ಸೇರಿಸಿದ ಲಾಕ್‌ಡೆಪ್ ಎಂಬ ಕಾವಲುಗಾರ, ಯಾರು ಯಾವ ಬೀಗದ ಮೇಲೆ ಯಾವ ಬೀಗ ಹಿಡಿದರು ಎಂದು ಬರೆದಿಟ್ಟುಕೊಳ್ಳುತ್ತದೆ. ಬೆಳಗ್ಗೆ ಅಡುಗೆಮನೆ, ಆಮೇಲೆ ಉಗ್ರಾಣ; ಸಂಜೆ ಉಗ್ರಾಣ, ಆಮೇಲೆ ಅಡುಗೆಮನೆ. ಇಬ್ಬರೂ ಒಟ್ಟಿಗೆ ಬಂದು ಸಿಕ್ಕಿಹಾಕಿಕೊಳ್ಳದಿದ್ದರೂ ‘ಇದು ಮುಂದೊಂದು ದಿನ ಕಗ್ಗಂಟಾಗುತ್ತದೆ’ ಎಂದು ಕೂಗುತ್ತದೆ. ಬಹಳ ಒಳ್ಳೆಯ ಉಪಾಯ. ಆದರೆ ಅದು ಹಿಡಿದ ಬೀಗಗಳ ಲೆಕ್ಕ ಇಡುತ್ತದೆ, ಹಿಡಿಯಬೇಕಿದ್ದು ಹಿಡಿಯದೆ ಬಿಟ್ಟ ಬೀಗವನ್ನು ಅದು ಹೇಗೆ ಕಂಡೀತು? ಅದಕ್ಕೆಂದು 2020ರಲ್ಲಿ ಕೆಸಿಸ್ಯಾನ್ ಎಂಬ ಇನ್ನೊಂದು ಸಾಧನ ಬಂತು. ಒಂದೇ ಮಾಹಿತಿಯನ್ನು ಇಬ್ಬರು ಕಾವಲಿಲ್ಲದೆ ಮುಟ್ಟುತ್ತಾರೆಯೆ ಎಂದು ಅದು ಅಲ್ಲಲ್ಲಿ ಇಣುಕಿ ನೋಡುತ್ತದೆ. ಇಣುಕಿದಾಗ ಕಂಡರೆ ಕಂಡಿತು.

ಉಳಿದದ್ದು ಮನುಷ್ಯರ ಪಾಲಿಗೆ. ಲಿನಕ್ಸ್ ಕರ್ನಲ್‌ನಲ್ಲಿ ತಿದ್ದುಪಡಿಯನ್ನು ಓದಿ ಒಪ್ಪಿದವರು ಅದರ ಕೆಳಗೆ ತಮ್ಮ ಹೆಸರು ಬರೆಯುವ ಪದ್ಧತಿಯಿದೆ. ಹಾಗೆ ಬರೆದರೆ ಏನರ್ಥ ಎಂಬುದನ್ನು ಕರ್ನಲ್‌ನ ಕೈಪಿಡಿಯಲ್ಲೇ ಹೇಳಿದ್ದಾರೆ: ಶ್ರದ್ಧೆಯಿಂದ ಓದಿದ್ದೇನೆ, ಕಂಡ ಸಂದೇಹಗಳನ್ನು ಬರೆದವರಿಗೆ ತಿಳಿಸಿದ್ದೇನೆ, ಕರ್ನಲ್‌ಗೆ ಇದು ಒಳ್ಳೆಯದೆಂದು ನಂಬಿದ್ದೇನೆ, ಆದರೆ ಇದು ಖಂಡಿತ ಕೆಲಸ ಮಾಡುತ್ತದೆಂಬ ಖಾತರಿಯನ್ನು ಕೊಡುವುದಿಲ್ಲ. ಪ್ರಾಮಾಣಿಕವಾದ ಮಾತು. ತಿದ್ದುಪಡಿಗಳನ್ನು ಮೊದಲ ಸುತ್ತಿಗೆ ಜರಡಿಯಾಡುವ ಒಂದು ಪುಟ್ಟ ಪ್ರೋಗ್ರಾಮ್ ಕೂಡ ಇದೆ. ಹೊಸ ಸ್ಪಿನ್‌ಲಾಕ್ ಒಂದನ್ನು ಸೇರಿಸಿ, ಪಕ್ಕದಲ್ಲಿ ಒಂದು ಸಾಲಿನ ವಿವರಣೆ ಬರೆಯದಿದ್ದರೆ ಅದು ಆಕ್ಷೇಪಿಸುತ್ತದೆ. ಅಜ್ಜಿಯ ಗೊಂಚಲಿನ ಒಂದೊಂದು ಕೈಗೂ ಚೀಟಿ ಕಟ್ಟಿದಂತೆ.

ದೊಡ್ಡ ಬೀಗ ಕೊನೆಗೂ ಹೋದದ್ದು 2011ರ ಮೇ ತಿಂಗಳಲ್ಲಿ ಬಂದ 2.6.39 ಆವೃತ್ತಿಯಲ್ಲಿ. ಕೊನೆಯ ಸುತ್ತಿನ ಕೆಲಸದಲ್ಲಿ ಆರ್ನ್ಡ್ ಬರ್ಗ್‌ಮನ್ ಅವರ ಪಾತ್ರ ದೊಡ್ಡದು. ಅದಕ್ಕೂ ಮುನ್ನ 2010ರಲ್ಲಿ ಅವರು, ಇನ್ನೂ ದೊಡ್ಡ ಬೀಗವನ್ನೇ ಹಿಡಿಯುತ್ತಿದ್ದ ಹಳೆಯ ಡ್ರೈವರುಗಳಲ್ಲಿ ಸರಳವಾದವನ್ನು ಆರಿಸಿ, ಒಂದೊಂದಕ್ಕೂ ಅದರದೇ ಖಾಸಗಿ ಮ್ಯೂಟೆಕ್ಸ್ ಬರುವಂತೆ ಒಂದು ಪ್ರೋಗ್ರಾಮಿನ ಮೂಲಕವೇ ಬದಲಾಯಿಸಿದರು. ಅಷ್ಟೊಂದು ಹಳೆಯ ಡ್ರೈವರುಗಳನ್ನು ಕೂತು ಓದುವವರು ಯಾರಿದ್ದರು? ಅವರು ಮಾಡಿದ್ದು ಸರಿಯಾದ ಕೆಲಸವೇ. ಹೊರಗಿನ ಗೊಂಚಲು ಹೋಯಿತು, ಒಳಗಿನ ನಡವಳಿಕೆ ಉಳಿಯಿತು.

ಹಾಗೆ ಬದಲಾದವುಗಳಲ್ಲಿ ಪ್ಯಾರಲಲ್ ಪೋರ್ಟಿಗೆ ಸಿಕ್ಕಿಸುವ ಹಳೆಯ ಪ್ರಿಂಟರಿನ ಡ್ರೈವರೂ ಒಂದು. ಅದರಲ್ಲಿ ‘ಪ್ರಿಂಟರ್ ಖಾಲಿಯೇ’ ಎಂದು ಗುರುತು ನೋಡುವುದನ್ನೂ ‘ಕೆಲಸದಲ್ಲಿದೆ’ ಎಂದು ಬರೆಯುವುದನ್ನೂ ಪ್ರೊಸೆಸರ್ ಒಂದೇ ಏಟಿಗೆ, ನಡುವೆ ಯಾರೂ ನುಸುಳದಂತೆ ಮಾಡಿ ಮುಗಿಸುತ್ತದೆ. ಆ ಗುರುತಿಗಂತೂ ಬೇರೆ ಬೀಗ ಬೇಕಿಲ್ಲ. ಆದರೂ ಪ್ರಿಂಟರನ್ನು ತೆರೆಯುವ ದಾರಿಯಲ್ಲಿ 2010ರಲ್ಲಿ ಹಾಕಿದ ಆ ಪುಟ್ಟ ಮ್ಯೂಟೆಕ್ಸ್ ಇದೆ, ಪಕ್ಕದಲ್ಲಿ ಚೀಟಿಯಿಲ್ಲ. ‘ಇದು ಬೇಡ’ ಎಂದು ಎರಡು ಸಾಲಿನ ತಿದ್ದುಪಡಿ ಕಳಿಸುವ ವಿದ್ಯಾರ್ಥಿ ಮೊದಲು ಆ ಡ್ರೈವರನ್ನು ಪೂರ್ತಿ ಓದಬೇಕು. ಆಮೇಲೆ ಎರಡು ಪ್ರೊಸೆಸರಿನ ಗಣಕ ಮತ್ತು 25 ಪಿನ್ನಿನ ಕೇಬಲ್ ಇರುವ ಪ್ರಿಂಟರೊಂದನ್ನು ಎಲ್ಲಿಂದಾದರೂ ಹುಡುಕಿ ತರಬೇಕು.